ಹೊಸ್ತಿಲ ಮೇಲೆ ಮುರಿದ ಕೊರಳು

"ಏನ್ ಬೇಕಾದ್ರೂ ಮುಟ್ಟು. ಒಲೆ ಮುಟ್ಟು, ಕೊಡಲಿ ಮುಟ್ಟು, ನಮ್ಮನೆಯವರ ಹಳೇ ಬಲೆ ಬೇಕಿದ್ರೆ ಹರಿದು ಒಲೆಗೆ ಹಾಕು. ಆ ತೊಲೆಗೆ ತೂಗ್ತಾ ಇದೆಯಲ್ಲ, ಅದನ್ನ ಮಾತ್ರ ಮುಟ್ಟಬೇಡ," ಎಂದಳು ಬುನ್ನಮ್ ಅಜ್ಜಿ.

ಯೊನ್ಸಿಲ್ ತಲೆಯೆತ್ತಿ ನೋಡಿದಳು. ಹಿತ್ತಲ ಕೋಣೆಯ ಕತ್ತಲಲ್ಲಿ, ಒಣಗಿದ ಕಡಲಪಾಚಿಯ ಕಟ್ಟುಗಳ ನಡುವೆ, ಒಂದು ಗಿಟಾರು ನೇತಾಡುತ್ತಿತ್ತು. ಬಿರಡೆಗಳಿರುವ ತಲೆ ಮುರಿದು ಮುಂಭಾಗದ ತೆಳು ಹೊದಿಕೆಯೊಂದರ ಆಧಾರದಲ್ಲಿ ಜೋತುಬಿದ್ದಿತ್ತು. ಮುರಿದ ಜಾಗಕ್ಕೆ ಎಡಕ್ಕೆ ಹೊಸೆದ ಹುಲ್ಲಿನ ಹಗ್ಗ ಬಿಗಿದಿತ್ತು. ಬಿರುಕಿನೊಳಗಿಂದ ಹಳದಿ ಕಾಗದದ ತುದಿಯೊಂದು ಇಣುಕುತ್ತಿತ್ತು.

"ಯಾಕಜ್ಜಿ, ಕಚ್ಚುತ್ತಾ?"

"ಕಚ್ಚಲ್ಲ. ಕರೆಯುತ್ತೆ."

ಯೊನ್ಸಿಲ್ ನಕ್ಕಳು. ಸೊಲ್ಮೊಕ್ ಎಂಬ ಈ ಮೀನುಗಾರರ ಊರಿಗೆ ಬಂದು ಅವಳಿಗೆ ಮೂರು ವಾರವಾಗಿತ್ತು. ಐವತ್ನಾಲ್ಕು ವರ್ಷದ ಹೆಂಗಸು, ಒಬ್ಬಂಟಿ. ಇಂಚೊನ್‌ನ ಗಿಟಾರು ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ಕುತ್ತಿಗೆ ಕೆತ್ತಿದವಳು. ಒಂದು ಬೆಳಿಗ್ಗೆ ಹೋದರೆ ಗೇಟಿಗೆ ಸರಪಳಿ ಬಿದ್ದಿತ್ತು. ಆ ಗೇಟಿನ ಮುಂದೆ ಗುಡಾರ ಹಾಕಿಕೊಂಡು ಎರಡು ಚಳಿಗಾಲ ಧರಣಿ ಕೂತಳು. ಉಳಿದವರೆಲ್ಲ ಎದ್ದುಹೋದ ಮೇಲೂ ಕೂತಳು. ಕೊನೆಗೆ ಉಳಿ, ಅರ, ಗರಗಸಗಳ ಗಂಟು ಕಟ್ಟಿಕೊಂಡು ದಕ್ಷಿಣದ ಈ ಕಡಲಂಚಿಗೆ ಬಂದು, ಅಜ್ಜಿಯ ಮನೆಯ ಒಂದು ಕೋಣೆ ಹಿಡಿದು, ಹಳೆಯ ಪರಿಚಯದವರು ಪಾರ್ಸೆಲ್ ಕಳಿಸುವ ಗಿಟಾರುಗಳನ್ನು ರಿಪೇರಿ ಮಾಡುತ್ತಿದ್ದಳು. ಊರಿನವರು ಅವಳನ್ನು 'ಇಂಚೊನ್‌ನವಳು' ಎನ್ನುತ್ತಿದ್ದರು.

ಅಜ್ಜಿ ನಗಲಿಲ್ಲ. ಹೊಸ್ತಿಲ ಹೊರಗೇ ಕುಕ್ಕರುಗಾಲಲ್ಲಿ ಕೂತು ಹೇಳಿದಳು.

"ನನ್ನ ಮಗ ಕಿಬೊಂಗ್‌ನ ಗಿಟಾರದು. ಹೋದ ವರ್ಷ ದೋಣಿ ಮಗುಚಿ ಸತ್ತ. ಹೆಣ ಮನೆಯಿಂದ ಹೊರಡುವಾಗ ಹೊಸ್ತಿಲಲ್ಲಿ ಸೋರೆಬುರುಡೆಯ ಬಟ್ಟಲು ತುಳಿದು ಒಡೀಬೇಕು ತಾನೆ, ಸತ್ತವ್ನು ತಿರುಗಿ ಬರಬಾರ್ದು ಅಂತ? ಈಗ ಯಾರ ಮನೇಲಿ ಸೋರೆಬುರುಡೆ ಇದೆ? ಎಲ್ಲಾ ಪ್ಲಾಸ್ಟಿಕ್ಕು. ಹೆಣ ಹೊತ್ತವ್ನು ತುಳಿದ, ಬಟ್ಟಲು ಚಪ್ಪಟೆ ಆಯ್ತು, ಪುಟಕ್ ಅಂತ ಮತ್ತೆ ಎದ್ದು ಕೂತ್ಕೊಳ್ತು. ಜನ ನಕ್ಕುಬಿಟ್ರು. ನಾನು ಮಾತ್ರ ನಗ್ಲಿಲ್ಲ, ಬಟ್ಟಲು ಒಡೀಲಿಲ್ವಲ್ಲ. ಗೋಡೇಲಿದ್ದ ಅವನ ಗಿಟಾರು ತಂದು ಅಡ್ಡ ಇಟ್ಟೆ, ಹೊತ್ತವ್ನು ತುಳಿದ. ಲಟ್ ಅಂತು. ಆಮೇಲೆ ಗುಡ್ಡದಾಚೆಯ ಮಂತ್ರಗಾರ್ತೀನ ಕರೆಸಿ ಬಿರುಕಿಗೆ ಮಂತ್ರದ ಕಾಗದ ಇಡಿಸ್ದೆ, ಹೊಟ್ಟೆಗೆ ಕೆಂಪು ಕಾಳು ಹಾಕಿಸ್ದೆ, ಹಗ್ಗ ಕಟ್ಟಿಸ್ದೆ."

"ಹೆತ್ತ ಮಗನಿಗೇ ಮಾಟ ಮಾಡಿಸಿದ್ರಾ?"

"ಹ್ಞೂಂ. ನಾನೇ ಮಾಡಿಸ್ದೆ," ಎಂದಳು ಅಜ್ಜಿ, ಅನ್ನಕ್ಕೆ ಇಟ್ಟೆ ಎನ್ನುವಷ್ಟೇ ಸಹಜವಾಗಿ. "ಕುಮ್ಹಿಗೋಸ್ಕರ. ಮೂರು ಸಲ ಬುಸಾನ್‌ಗೆ ಅವಳಕ್ಕನ ಮನೆಗೆ ಓಡಿಹೋಗಿದ್ಲು. ಒಂದ್ಸಲ ಎರಡು ಹಲ್ಲು ಕೈಲಿ ಹಿಡ್ಕೊಂಡು. ಇವನು ಕುಡಿದು ಅಲ್ಲಿಗೂ ಹೋಗಿ, ಕಿಟಕಿ ಕೆಳಗೆ ನಿಂತು, ಗಿಟಾರು ಬಾರಿಸ್ಕೊಂಡು ಹೆಸರು ಹಿಡಿದು ಕರೀತಿದ್ದ. ಮೂರು ಸಲಾನೂ ಬಂದ್ಲು. 'ನಾನು ಮುಳುಗೋದಾದ್ರೆ ನಿನ್ನ ಬಿಟ್ಟು ಮುಳುಗಲ್ಲ' ಅಂತಿದ್ದ ಅವನು. ಕರೆದ್ರೆ ಇವಳು ಹೋಗ್ತಾಳೆ, ಇಂಚೊನ್‌ನವಳೇ. ಬದುಕಿದ್ದಾಗಲೂ ಹೋಗ್ತಿದ್ಲು."

ಕುಮ್ಹಿ ಅಜ್ಜಿಯ ಸೊಸೆ. ನಲವತ್ತು ದಾಟಿತ್ತು. ಬೆಳಗಿನ ಜಾವವೇ ಸಿಂಪಿ ಸುಲಿಯುವ ಶೆಡ್ಡಿಗೆ ಹೋಗಿ ಬರುತ್ತಿದ್ದಳು. ದಿನವೂ ಮಧ್ಯಾಹ್ನ ಯೊನ್ಸಿಲ್‌ಳ ಜಗಲಿಯ ಮೇಲೆ ಒಂದು ಬಟ್ಟಲು ಸಿಂಪಿ ಇಟ್ಟು, ಮೇಲೆ ತಟ್ಟೆ ಮುಚ್ಚಿ, ಬೆಕ್ಕು ಉರುಳಿಸದ ಹಾಗೆ ಕಲ್ಲು ಹೇರಿ, ಕರೆಯದೇ ಹೋಗಿಬಿಡುತ್ತಿದ್ದಳು. ಥ್ಯಾಂಕ್ಸ್ ಹೇಳಿದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆ ಕೈ ಏನನ್ನು ಮರೆಮಾಡುತ್ತಿತ್ತು ಎಂದು ಯೊನ್ಸಿಲ್‌ಗೆ ಈಗ ತಿಳಿಯಿತು.

"ಅಜ್ಜಿ, ಇಪ್ಪತ್ತೇಳು ವರ್ಷದಲ್ಲಿ ಎಷ್ಟೋ ಸಾವಿರ ಗಿಟಾರಿಗೆ ಕುತ್ತಿಗೆ ಕೂರಿಸಿದೀನಿ. ಒಂದಾದ್ರೂ ನನ್ನ ಹೆಸರು ಹಿಡಿದು ಕರೆದಿಲ್ಲ. ಹೊಡೆಯೋ ಗಂಡ ಸತ್ತ, ಪೀಡೆ ಕಳೀತು. ಹೆದರ್ಕೊಳ್ಳೋಕೆ ಇನ್ನೇನಿದೆ?"

"ನಗು ನಗು. ತಲೆ ಅಂಟಿಸ್ಬೇಡ, ಅಷ್ಟೇ. ಅದು ಹಾಗೇ ಕೊಳೆತು ಹೋಗ್ಲಿ."

ಅಂಟಿಸುವ ಉದ್ದೇಶವೇನೂ ಯೊನ್ಸಿಲ್‌ಗೆ ಇರಲಿಲ್ಲ. ಆದರೆ ಗುರುವಾರ ಬೆಳಿಗ್ಗೆ ಅಜ್ಜಿ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಪಟ್ಟಣದ ಬಸ್ಸು ಹತ್ತಿದಳು. ಅಲ್ಲೇ ತಂಗಿಯ ಮಗಳ ಮನೆಯಲ್ಲಿ ಉಳಿದು ಮರುದಿನ ಸಂಜೆ ಬರುವವಳಿದ್ದಳು. ಕಡಲಪಾಚಿಯ ಕಟ್ಟು ಸರಿಸಲು ಒಳಗೆ ಹೋದ ಯೊನ್ಸಿಲ್‌ಳ ಎಡ ಅಂಗೈ ಕತ್ತಲಲ್ಲಿ ಗಿಟಾರಿನ ಕುತ್ತಿಗೆಗೆ ತಾಗಿತು.

ಅಂಗೈ ಅಲ್ಲೇ ನಿಂತಿತು.

ತಲೆಯೂ ಕುತ್ತಿಗೆಯೂ ಕೂಡುವ ಜಾಗದಲ್ಲಿ, ಹಿಂಬದಿಯಲ್ಲಿ, ಒಂದು ಸಣ್ಣ ಉಬ್ಬು. ಹುಣಸೆ ಬೀಜದಷ್ಟು. ಆ ಉಬ್ಬನ್ನು ಉಜ್ಜಿ ತೆಗೆಯಬೇಕೆಂದು ಕಾರ್ಖಾನೆಯ ಮೇಸ್ತ್ರಿ ಎಷ್ಟು ಸಲ ಬೈದಿದ್ದ! ಅದಿದ್ದರೆ ಕುತ್ತಿಗೆ ಗಟ್ಟಿ ಎಂದು ಅವಳ ವಾದ. ಅವನು ಬೆನ್ನು ತಿರುಗಿಸಿದಾಗಲೆಲ್ಲ ಅವಳು ಉಬ್ಬು ಉಳಿಸುತ್ತಿದ್ದಳು. ಇಡೀ ಸಾಲಿನಲ್ಲಿ ಹಾಗೆ ಮಾಡುವ ಮೊಂಡಿ ಅವಳೊಬ್ಬಳೇ. ಅಳತೆಪಟ್ಟಿ ಬೇಕಿರಲಿಲ್ಲ, ಎಡ ಅಂಗೈಯಲ್ಲಿ ಒಮ್ಮೆ ಸವರಿದರೆ ಕೂದಲೆಳೆಯ ವ್ಯತ್ಯಾಸವೂ ತಿಳಿಯುತ್ತಿತ್ತು. ಆ ಅಂಗೈ ಈಗ ತನ್ನ ಕೆಲಸದ ಗುರುತು ಹಿಡಿದಿತ್ತು.

"ಅಯ್ಯೋ, ನೀನು ನಂದಲ್ವೇ!" ಎಂದಳು ಯೊನ್ಸಿಲ್.

ಅವಳ ಮೈಯೆಲ್ಲ ಬಿಸಿಯಾಯಿತು. ಯಾರೋ ಕುಡುಕನ ಪಾಪಕ್ಕೆ ತನ್ನ ಕೈಕೆಲಸ ನೇಣಿಗೆ ಬಿದ್ದಿದೆ. ಇದನ್ನೂ ಮುಟ್ಟಬೇಡ ಅನ್ನುತ್ತಾರೆ! ಗೇಟಿಗೆ ಸರಪಳಿ ಹಾಕಿದವರೂ ಅದನ್ನೇ ಅಂದಿದ್ದರು.

ಹಗ್ಗ ಕತ್ತರಿಸಿದಳು. ಗಿಟಾರು ಕೆಳಗಿಳಿಸಿ ಅಲುಗಿಸಿದರೆ ಹೊಟ್ಟೆಯೊಳಗೆ ಏನೋ ಗಲಗಲ ಎಂದಿತು. ಬಗ್ಗಿಸಿ ಸುರಿದರೆ ಕೆಂಪು ಅವರೆಯ ಕಾಳು. ಕೋಳಿಗಳ ಮುಂದೆ ಚೆಲ್ಲಿದಳು. ಕೋಳಿಗಳು ಹತ್ತಿರ ಬಂದು, ಕತ್ತು ಓರೆ ಮಾಡಿ ನೋಡಿ, ಹಿಂದಕ್ಕೆ ಸರಿದವು. ಬಿರುಕಿನಲ್ಲಿ ಕಾಗದದ ಒಂದೆಳೆ ಉಳಿದರೂ ಸರೇಸಿನ ಅಂಟು ಹಿಡಿಯುವುದಿಲ್ಲ. ಸಣ್ಣ ಚಿಮಟದಿಂದ ಆ ಹಳದಿ ಕಾಗದವನ್ನು ಚೂರು ಚೂರಾಗಿ ಎಳೆದಳು. ಅದರ ಮೇಲಿನ ಕೆಂಪು ಶಾಯಿ ಇನ್ನೂ ಹಸಿಯಿತ್ತು. ಬೆರಳಿಗೆ ಮೆತ್ತಿತು. ತುಕ್ಕಿನ ವಾಸನೆ.

"ಮಳೆಗೆ ನೆಂದಿದೆ," ಎಂದುಕೊಂಡು ಒಲೆಗೆ ಹಾಕಿದಳು.

ಬಿರುಕನ್ನು ಬಿಸಿನೀರಿನ ಕುಂಚದಿಂದ ತೊಳೆದಳು. ಡಬ್ಬಿಯಲ್ಲಿ ಸರೇಸು ಕರಗಿ, ಸುಟ್ಟ ಗೊರಸಿನಂಥ ವಾಸನೆ ಕೋಣೆ ತುಂಬಿತು. ತೆಳುವಾದ ತಗಡಿನಿಂದ ಬಿರುಕಿನ ಆಳದವರೆಗೂ ಅಂಟು ತಳ್ಳಿದಳು. ತಲೆಯನ್ನು ಒತ್ತಿದಾಗ ಮರದ ನಾರು ನಾರಿಗೆ ಕೂಡಿಕೊಂಡು ಬಿರುಕು ಕಾಣದಾಯಿತು. ಮೇಣದ ಕಾಗದ, ಮರದ ಹಲಗೆಚೂರು, ಮೂರು ಕ್ಲಾಂಪು. ಅಂಚಿನಿಂದ ಉಕ್ಕಿದ ಸರೇಸನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಅವಳ ಕೈಯಿಂದ ಇಷ್ಟು ಅಚ್ಚುಕಟ್ಟಾದ ಬೆಸುಗೆ ಹಿಂದೆಂದೂ ಆಗಿರಲಿಲ್ಲ. ಹೆಮ್ಮೆಯಿಂದ ಅದನ್ನೇ ನೋಡುತ್ತ ಕೂತಳು.

ಮಧ್ಯಾಹ್ನ ಕುಮ್ಹಿ ಸಿಂಪಿಯ ಬಟ್ಟಲು ಇಡಲು ಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು.

"ಅಕ್ಕಾ... ಅದು..."

"ಹೆದರ್ಕೋಬೇಡ. ಇದು ನಾನು ಕೆತ್ತಿದ್ದು ಕಣೇ! ನಿನ್ನ ಗಂಡಂದಲ್ಲ. ಅಜ್ಜಿ ಬರೋಷ್ಟರಲ್ಲಿ ಪಾರ್ಸೆಲ್ ಮಾಡಿ ಇಂಚೊನ್‌ಗೆ ಕಳಿಸಿಬಿಡ್ತೀನಿ. ಯಾವುದಾದ್ರೂ ಒಳ್ಳೆ ಕೈ ಸೇರ್ಲಿ."

ಕುಮ್ಹಿ ಹತ್ತಿರ ಬಂದಳು. ಒಂದು ಬೆರಳಿನಿಂದ ಗಿಟಾರಿನ ಒಡಲನ್ನು ಮುಟ್ಟಿದಳು. "ಚೆನ್ನಾಗಿ ನುಡಿಸ್ತಿದ್ದ ಅಕ್ಕ," ಎಂದಳು ಮೆಲ್ಲಗೆ. "ಹೊಡೆದ ದಿನ ಇನ್ನೂ ಚೆನ್ನಾಗಿ ನುಡಿಸ್ತಿದ್ದ."

ಹೋಗುವಾಗ ಅವಳು ಏನನ್ನೋ ಗುನುಗುತ್ತಿದ್ದಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದಿರಲಿಲ್ಲ.

ಶುಕ್ರವಾರ ಕಡಲಮಂಜು ಬಂತು. ಹತ್ತು ಗಂಟೆಗೇ ಅಂಗಳ ಕಾಣದಾಯಿತು. ಹನ್ನೊಂದಕ್ಕೆ ಜಗಲಿಯ ಅಂಚೂ ಕಾಣದಾಯಿತು. ಯೊನ್ಸಿಲ್ ಹಗಲಲ್ಲೇ ದೀಪ ಹಾಕಿದಳು. ದೋಣಿಗಳನ್ನು ಎಚ್ಚರಿಸುವ ದೂರದ ದೀಪಸ್ತಂಭದ ಕೊಂಬು ನಿಮಿಷಕ್ಕೊಮ್ಮೆ ಗೂಳಿಯಂತೆ ಹೂಂಕರಿಸುತ್ತಿತ್ತು. ಮಂಜಿನಲ್ಲಿ ಡೀಸೆಲ್ಲಿನ ವಾಸನೆ, ಕೊಳೆತ ಹಗ್ಗದ ವಾಸನೆ; ಅದರಡಿಯಲ್ಲಿ ಎಲ್ಲಿಂದಲೋ ಅಗ್ಗದ ಸೋಜು ಹೆಂಡದ ಘಾಟು.

ಕ್ಲಾಂಪು ಬಿಚ್ಚಿದಳು. ಬೆಸುಗೆ ಬಂಡೆಯಂತೆ ಕೂತಿತ್ತು. ಉಪ್ಪುಕಾಗದದಿಂದ ಉಜ್ಜಿ, ಅಂಗೈಯಲ್ಲಿ ಸವರಿ ತಲೆದೂಗಿದಳು. ದಪ್ಪ ತಂತಿ ಕಟ್ಟಿ ಬಿರಡೆ ತಿರುಗಿಸಿದಳು.

ಹೊರಗೆ, ಗೇಟಿನಿಂದ ಮನೆಗೆ ಬರುವ ದಾರಿಯಲ್ಲಿ ಹಾಸಿದ್ದ ಸಿಂಪಿಚಿಪ್ಪು ಕರಕ್ ಎಂದಿತು.

"ಯಾರು? ಕುಮ್ಹಿಯಾ?"

ಇನ್ನೊಂದು ತಂತಿ. ಬಿರಡೆ ತಿರುಗಿತು. ಕರಕ್. ತಂತಿ ಬಿಗಿದಷ್ಟೂ ಹೆಜ್ಜೆ ಮುಂದೆ ಬಂತು. ಬಿರಡೆ ನಿಲ್ಲಿಸಿದಳು. ಹೆಜ್ಜೆ ನಿಂತಿತು.

"ಕಾಕತಾಳೀಯ," ಎಂದು ಗಟ್ಟಿಯಾಗಿ ಹೇಳಿದಳು. ಹಾಗೆ ಹೇಳಬೇಕಾಗಿ ಬಂದದ್ದಕ್ಕೆ ಅವಳಿಗೇ ಸಿಟ್ಟು ಬಂತು. ಸಿಟ್ಟಿನಲ್ಲೇ ಉಳಿದ ತಂತಿಗಳನ್ನೂ ಒಂದರ ಹಿಂದೊಂದು ಕಟ್ಟಿ, ಶ್ರುತಿಗೇರಿಸಿದಳು. "ಬಾ, ನೋಡೇಬಿಡೋಣ!"

ಕೊನೆಯ ತಂತಿ ಶ್ರುತಿಗೆ ಕೂತ ಕ್ಷಣ ಜಗಲಿಯ ಹಲಗೆ ಕಿರ್ ಎಂದಿತು. ಕಾಗದ ಅಂಟಿಸಿದ ಬಾಗಿಲಿನ ಆಚೆ ಒಂದು ಆಕಾರ ನಿಂತಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲಡಿಯಿಂದ ನೀರು ಒಳಹರಿದು ಯೊನ್ಸಿಲ್‌ಳ ಮಂಡಿ ತೋಯಿಸಿತು. ಉಪ್ಪುನೀರು. ಮಂಜುಗಡ್ಡೆಯಷ್ಟು ತಣ್ಣಗೆ.

ಅವಳ ತೊಡೆಯ ಮೇಲಿದ್ದ ಗಿಟಾರು ತಾನಾಗಿ ನುಡಿಯಿತು.

ಕುಮ್ಹಿ ನಿನ್ನೆ ಗುನುಗಿದ ಹಾಡು ಅದೇ.

"ಕುಮ್ಹೀ..."

ಗಂಟಲಿನಿಂದ ಬಂದ ದನಿಯಲ್ಲ. ಗಿಟಾರಿನ ಕುತ್ತಿಗೆಯಿಂದ, ಅವಳ ಅಂಗೈಯಡಿಯಿಂದ ಬಂತು. ಮರ ಅದುರಿತು. ಬಾಗಿಲಾಚೆಯ ಆಕಾರ ತಿರುಗಿತು. ಕಡಲಿನ ಕಡೆಗೆ ಹೊರಟಿತು.

ದೂರದಲ್ಲಿ, ಮಂಜಿನೊಳಗೆ, ಸಿಂಪಿ ಶೆಡ್ಡಿನಿಂದ ಊಟಕ್ಕೆ ಬರುತ್ತಿದ್ದ ಹೆಂಗಸಿನ ದನಿ, ನಿದ್ದೆಯಲ್ಲಿ ಮಾತಾಡಿದ ಹಾಗೆ:

"ಹ್ಞಾಂ... ಬಂದೆ."

ಯೊನ್ಸಿಲ್‌ಗೆ ಅಜ್ಜಿಯ ಮಾತು ನೆನಪಾಯಿತು. ಕರೆದ್ರೆ ಇವಳು ಹೋಗ್ತಾಳೆ. ಬದುಕಿದ್ದಾಗಲೂ ಹೋಗ್ತಿದ್ಲು.

ಬಿರಡೆ ಸಡಿಲಿಸಲು ಹೋದಳು. ಬಿರಡೆ ತಿರುಗಲಿಲ್ಲ. ಇಕ್ಕುಳ ಹಿಡಿದು ತಂತಿ ಕತ್ತರಿಸಿದಳು. ಒಂದು. ಎರಡು. ಆರೂ. ತುಂಡಾದ ತಂತಿ ಚಿಮ್ಮಿ ಕೆನ್ನೆ ಸೀಳಿತು. ಗಿಟಾರು ನಿಲ್ಲಲಿಲ್ಲ. ತಂತಿಯಿಲ್ಲದೆಯೇ ಹಾಡಿತು.

"ಕುಮ್ಹೀ..."

"ಬಂದೆ ರೀ, ಬಂದೆ."

ಗಿಟಾರನ್ನು ಹೊಸ್ತಿಲ ಮೇಲೆ ಅಡ್ಡ ಇಟ್ಟಳು. ತುಳಿದಳು. ಜಿಗಿದು ಎರಡೂ ಕಾಲಲ್ಲಿ ತುಳಿದಳು. ಒಡಲಿನ ಹಲಗೆ ಬಿರಿಯಿತು. ಬೆಸುಗೆ ಮಾತ್ರ ಅಲುಗಲಿಲ್ಲ. ಸುತ್ತಿಗೆಯಿಂದ ಹೊಡೆದಳು. ಅಲುಗಲಿಲ್ಲ. ಅವಳ ಜೀವಮಾನದ ಅತ್ಯುತ್ತಮ ಕೆಲಸ! ಇಪ್ಪತ್ತೇಳು ವರ್ಷದ ಕಸುಬೆಲ್ಲ ಅಲ್ಲಿ ಹಿಡಿದು ಕೂತಿತ್ತು. ಸತ್ತವನ ಪರವಾಗಿ.

ಒಂದು ಕೈಲಿ ಗಿಟಾರು, ಒಂದು ಕೈಲಿ ಗರಗಸ. ಓಡಿದಳು.

ಮಂಜಿನಲ್ಲಿ ದಾರಿಯಿಲ್ಲ. ಚಿಪ್ಪು ಅಂಗಾಲು ಕೊಯ್ಯುತ್ತಿತ್ತು. ಆಮೇಲೆ ಕೆಸರು. ಆಮೇಲೆ ನೀರು. ಮೊಣಕಾಲು. ತೊಡೆ. ಎದುರಿಗೆ ಕುಮ್ಹಿಯ ಹಳದಿ ರಬ್ಬರಿನ ಏಪ್ರನ್ನು ಮಸುಕಾಗಿ ಕಂಡಿತು. ಸೊಂಟದವರೆಗೆ ಇಳಿದಿದ್ದಳು. ನಗುಮುಖ. ಮದುವೆ ಹೆಣ್ಣಿನ ಹಾಗೆ ಕೈ ಮುಂದೆ ಚಾಚಿದ್ದಳು.

"ಕುಮ್ಹಿ! ನಿಲ್ಲೇ! ಹಾಳಾದವಳೇ, ನಿಲ್ಲು!"

ಅವಳು ಕಿವಿಗೊಡದೆ ಇನ್ನೂ ಆಳಕ್ಕೆ ನಡೆದಳು.

ಆಗ ಗಿಟಾರಿನ ತಲೆಯನ್ನು ಯಾರೋ ನೀರಿನೊಳಗಿಂದ ಹಿಡಿದರು.

ಎಳೆತ. ಯೊನ್ಸಿಲ್ ಮುಗ್ಗರಿಸಿದಳು. ಬಾಯಿಗೆ ಉಪ್ಪುನೀರು ನುಗ್ಗಿತು. ಎಡಗೈಯಲ್ಲಿ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದಳು. ಆ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು. ಲೋಳೆಲೋಳೆ. ತಣ್ಣಗೆ. ಮೂರೇ ಬೆರಳು. ಅವು ಅವಳ ಅಂಗೈಯೊಳಗೆ, ಮಾಂಸದೊಳಗೆ, ಮೂಳೆಯೊಳಗೆ ಇಳಿದವು.

ಕೈ ಬಿಡು, ಎಂದಿತು ಮರ. ಬಿಟ್ಟರೆ ನೀನು ಬದುಕುತ್ತೀ.

"ಬಿಡಲ್ವೋ!" ಎಂದು ಕಿರುಚಿದಳು ಯೊನ್ಸಿಲ್. "ಇದರ ಮರ ಆರಿಸಿದ್ದು ನಾನು. ಕೆತ್ತಿದ್ದು ನಾನು. ಉಜ್ಜಿದ್ದು ನಾನು. ನೀನು ಬರೀ ಬಾರಿಸ್ದೆ! ಈ ಕುತ್ತಿಗೆ ನಿನ್ನದಲ್ಲ. ಅವಳೂ ನಿನ್ನವಳಲ್ಲ. ಥೂ!"

ಬೆಸುಗೆಯ ಜಾಗ ಬಿಟ್ಟಳು. ಅದಕ್ಕೂ ಕೆಳಗೆ, ತಾನೇ ಕೆತ್ತಿದ ಗಟ್ಟಿ ಮರದ ಮೇಲೆ ಗರಗಸ ಇಟ್ಟಳು. ಎಳೆದಳು. ಮರ ಚೀರಿತು. ಮನುಷ್ಯರಂತೆ ಚೀರಿತು. ಎಳೆದಳು. ಎಡ ಅಂಗೈಯಲ್ಲಿ ಚಳಿ ಏರುತ್ತಿತ್ತು, ಚಳಿ ನೋವಾಯಿತು, ನೋವು ಏನೂ ಇಲ್ಲದ್ದಾಯಿತು. ಎಳೆದಳು. ಅರ್ಧ. ಮುಕ್ಕಾಲು. "ಕುಮ್..." ಎಂದಿತು ಕುತ್ತಿಗೆ. ಎಳೆದಳು.

ಲಟ್.

ತಲೆಯ ಭಾಗ ನೀರೊಳಗೆ ಸರಕ್ಕನೆ ಹೋಯಿತು. ಯಾರೋ ಎಳೆದುಕೊಂಡ ಹಾಗೆ. ಒಂದು ಗುಳ್ಳೆ ಎದ್ದಿತು. ಒಡೆಯಿತು.

ದೀಪಸ್ತಂಭದ ಕೊಂಬು ಹೂಂಕರಿಸಿತು. ಅಲೆ ಎದೆಗೆ ಬಂದು ಬಡಿಯಿತು.

ಕುಮ್ಹಿ ಕಣ್ಣು ಪಿಳಿಪಿಳಿ ಬಿಟ್ಟು ಸುತ್ತ ನೋಡಿದಳು. ಗದ್ದದವರೆಗೂ ನೀರು. ಹಲ್ಲು ಕಟಕಟ ಎನ್ನುತ್ತಿತ್ತು.

"ಅಕ್ಕಾ," ಎಂದಳು, "ನನ್ನ ಬೂಟು ಎಲ್ಲಿ?"

ಸಂಜೆಯ ಬಸ್ಸಿಗೆ ಬುನ್ನಮ್ ಅಜ್ಜಿ ಬಂದಳು. ಅಂಗಳದಲ್ಲಿ ಕೋಳಿಗಳು ಮುಟ್ಟದೆ ಬಿಟ್ಟ ಕೆಂಪು ಕಾಳು ನೋಡಿದಳು. ಅಡಿಯಿಂದ ಒಲೆಯ ಶಾಖ ಹಾಯಿಸಿದ ಬೆಚ್ಚಗಿನ ನೆಲದ ಮೇಲೆ ಎರಡು ಹೊದಿಕೆಯಡಿ ಮಲಗಿದ್ದ ಸೊಸೆಯ ಹಣೆ ಮುಟ್ಟಿ ನೋಡಿದಳು. ಗೋಡೆಗೊರಗಿ ಕೂತಿದ್ದ ಯೊನ್ಸಿಲ್‌ಳ ಸೀಳಿದ ಕೆನ್ನೆ, ಪಕ್ಕದಲ್ಲಿದ್ದ ತಲೆಯಿಲ್ಲದ ಗಿಟಾರು ಎರಡನ್ನೂ ನೋಡಿದಳು. ಬೈಗುಳಕ್ಕೆ ಯೊನ್ಸಿಲ್ ಸಿದ್ಧಳಾಗಿದ್ದಳು. ಅಜ್ಜಿ ಒಳಗೆ ಹೋಗಿ ಗಂಜಿಗೆ ಇಟ್ಟಳು. ಅಲ್ಲಿಂದಲೇ ಕೇಳಿದಳು:

"ಕಂಡ್ನಾ?"

"ಮುಖ ಕಾಣ್ಲಿಲ್ಲ ಅಜ್ಜಿ. ಕೈ ಮಾತ್ರ. ಇನ್ನು ಬರಲ್ಲ ಅನ್ಸುತ್ತೆ. ಬೇಕಾದ್ದು ತಗೊಂಡು ಹೋದ."

ಸೌಟಿನ ಸದ್ದು ನಿಂತಿತು. ಅಜ್ಜಿ, ಬೆನ್ನು ತಿರುಗಿಸಿಕೊಂಡೇ, ಸಣ್ಣ ದನಿಯಲ್ಲಿ ಕೇಳಿದಳು.

"ಬೆರಳೆಲ್ಲಾ ಇತ್ತಾ? ಹೆಣ ಸಿಕ್ಕಾಗ ಎರಡು ಇರ್ಲಿಲ್ಲ. ಮೀನು ತಿಂದಿತ್ತು. ಅವನು ಅಲ್ಲಿ ಹೇಗೆ ನುಡಿಸ್ತಾನೋ ಅಂತ..."

ಯೊನ್ಸಿಲ್ ಜೀವಮಾನದಲ್ಲಿ ತನ್ನ ಕೆಲಸದ ಬಗ್ಗೆಯಾಗಲಿ, ಗುಡಾರದಲ್ಲಿ ಕೂತ ದಿನಗಳಲ್ಲಾಗಲಿ, ಒಂದು ಸುಳ್ಳೂ ಹೇಳಿದವಳಲ್ಲ.

"ಎಲ್ಲಾ ಇತ್ತಜ್ಜಿ," ಎಂದಳು. "ಐದೂ ಇತ್ತು. ಗಟ್ಟಿಯಾಗಿ ಹಿಡ್ಕೊಂಡಿದ್ದ."

ಅಜ್ಜಿ ತೋಳಿನಿಂದ ಮೂಗೊರೆಸಿಕೊಂಡು, ಕುದಿಯುತ್ತಿದ್ದ ಗಂಜಿಯನ್ನು ಸ್ಟೀಲು ಬಟ್ಟಲಿಗೆ ಸುರಿದು, ತಟ್ಟೆಯಲ್ಲಿಟ್ಟು ತಂದಿಟ್ಟಳು.

"ಇನ್ನಾದ್ರೂ ಆ ಹಾಳು ಗಿಟಾರುಗಳ ಸಹವಾಸ ಬಿಡ್ತೀಯೋ ಇಲ್ವೋ?"

"ಸೋಮವಾರ ಇಂಚೊನ್‌ನಿಂದ ಎರಡು ಬರ್ತಾವೆ ಅಜ್ಜಿ. ಒಂದರ ಕುತ್ತಿಗೆ ಸೊಟ್ಟಗಾಗಿದ್ಯಂತೆ."

"ಮೊಂಡಿ. ಕುಡಿ, ಆರಿಸ್ಕೊಂಡು ಕುಡಿ."

ಯೊನ್ಸಿಲ್ ಎಡಗೈ ಚಾಚಿ ಬಟ್ಟಲನ್ನು ಬುಡಸಮೇತ ಅಂಗೈಯಲ್ಲಿ ಎತ್ತಿಕೊಂಡಳು. ಹಾಗೇ ಹಿಡಿದುಕೊಂಡು, ಕುಮ್ಹಿಯ ಉಸಿರು ಏರಿಳಿಯುವುದನ್ನು ನೋಡುತ್ತ ಕೂತಳು.

"ಅಯ್ಯೋ, ಬಿಡೇ! ಬಿಡು!" ಅಜ್ಜಿ ಕೂಗಿ ಬಟ್ಟಲನ್ನು ಕಿತ್ತುಕೊಂಡಳು. ಗಂಜಿ ಚೆಲ್ಲಿತು.

ಯೊನ್ಸಿಲ್ ತನ್ನ ಅಂಗೈ ನೋಡಿಕೊಂಡಳು. ಬಟ್ಟಲಿನ ತಳದ ಉಂಗುರ ಕೆಂಪಗೆ ಮೂಡಿ, ಅಂಚಿನಲ್ಲಿ ಬೊಬ್ಬೆ ಏಳುತ್ತಿತ್ತು. ಕಣ್ಣಿಗೆ ಕಂಡಿತು. ಅಷ್ಟೇ. ಅವಳು ಬೆರಳು ಮಡಚಿದಳು, ಬಿಡಿಸಿದಳು. ಕೈ ಹೇಳಿದ ಹಾಗೆ ಕೇಳಿತು, ಆದರೆ ಏನನ್ನೂ ತಿರುಗಿ ಹೇಳಲಿಲ್ಲ. ಕೂದಲೆಳೆಯ ಉಬ್ಬನ್ನೂ ಬಲ್ಲ ಅಂಗೈ ಕಡಲಿನಲ್ಲೇ ಉಳಿದುಹೋಗಿತ್ತು.

ಅಜ್ಜಿಗೆ ಅರ್ಥವಾಯಿತು. ಆ ಕೈಯನ್ನು ತನ್ನ ಮಡಿಲಿಗೆಳೆದುಕೊಂಡು, ಮಗುವಿನ ಗಾಯಕ್ಕೆ ಊದುವ ಹಾಗೆ ಫೂ ಫೂ ಎಂದು ಊದತೊಡಗಿದಳು. ಯೊನ್ಸಿಲ್‌ಗೆ ಗಾಳಿ ತಾಕಲಿಲ್ಲ. ತಾಕಿತು ಎಂಬಂತೆ ಅವಳು ಕೈ ಹಿಂದೆಗೆಯದೆ ಕೂತಳು.